ಪಿತ್ತದ ಚೀಲಕ್ಕೊಂದು ನಳಿಕೆ

ನನ್ನ ಅಕ್ಷರ ಸೊಟ್ಟ, ಮಾತು ಜೋಡಿಸಲೂ ಚೆನ್ನಾಗಿ ಬರುವುದಿಲ್ಲ. ಮನ್ನಿಸಿ ಓದಬೇಕು. ಮಗ್ಗುಲ ಮನೆಯ ಮೆಹೆರಾಜ ಚಾಚಿ ಹೇಳಿದ್ದನ್ನು ತಪ್ಪದಂತೆ ಬರೆಯಲು ನೋಡಿದ್ದೇನೆ.

ಚಾಚಿಯ ಗಂಡ ಬಾಬುಸಾಬರು ದೊಡವಾಡದಲ್ಲಿ ಎತ್ತುಗಳ ಗೊರಸಿಗೆ ಕಬ್ಬಿಣದ ನಾಲ ಬಡಿಯುವವರು. ಎಂಥ ಕೊಸರಾಡುವ ಎತ್ತನ್ನೂ ಹಗ್ಗ ಹಾಕಿ ಕೆಡವಿ, ಅದರ ಯಜಮಾನ ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿಸುವರು. ಚಾಚಿಯೋ, ಯಾವುದನ್ನೂ ಕೇಳಿ ತಿಳಿಯದೆ ಬಿಡುವವರಲ್ಲ.

ಈ ವರ್ಷ ಬಾಬುಸಾಬರ ಕಣ್ಣು ಅರಿಸಿನದಂತಾದವು. ಕಾಮಾಲೆಯೆಂದು ಬೇರು ಅರೆದು ಕುಡಿಸಿದರು; ಇಳಿಯಲಿಲ್ಲ. ಧಾರವಾಡದ ದವಾಖಾನೆಯಲ್ಲಿ ನೋಡಿದರೆ, ಪಿತ್ತ ಹರಿಯುವ ನಾಳವನ್ನು ಕ್ಯಾನ್ಸರಿನ ಗಂಟು ಒತ್ತಿ ಹಿಡಿದಿತ್ತು. ನಾಳ ತೆರೆದಿರಲೆಂದು ಒಳಗೆ ಜಾಲರಿಯ ನಳಿಕೆ ಕೂರಿಸಬೇಕಿತ್ತು.

"ಅದರ ಸಂಗಾಟ ಪಿತ್ತದ ಚೀಲಕ್ಕೂ ಒಂದು ಸಣ್ಣ ನಳಗಿ ಹಾಕೋದು ಚಲೋ," ಎಂದರು ಡಾಕ್ಟರ್ ರಾಜೇಶ್ವರಿ.

"ಒಂದು ಸಾಕ್ರಿ. ನಾ ಏನು ಬೋರ್‌ವೆಲ್ಲೇನ್ರಿ?" ಎಂದರು ಬಾಬುಸಾಬರು.

ಚಾಚಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಚೀಲಕ್ಕ ಏನಾಗೇತ್ರಿ, ಡಾಕ್ಟರಬಾಯಿ?"

"ಈಗೇನೂ ಆಗಿಲ್ಲ. ಆದ್ರ ಅದರ ಬಾಯಿ ಗಂಟಿನ ಮಗ್ಗಲಾಗ ಐತಿ. ದೊಡ್ಡ ನಳಗಿ ಕುಂತ್ರ ಆ ಬಾಯಿ ಮುಚ್ಚಬಹುದು. ಪಿತ್ತ ಒಳಗ ನಿಂತು, ಚೀಲ ಬಾತು ಜ್ವರ ಬಂತಂದ್ರ ಕ್ಯಾನ್ಸರಿನ ಔಷಧ ತಡಾ ಆಗತೈತಿ."

"ಗಟಾರಕ್ಕ ಪೈಪ್ ಹಾಕಿದ್ರ ನಮ್ಮ ಬಚ್ಚಲ ನೀರು ಹೋಗದ ನಿಂತಂಗ?"

"ಹಂಗ. ಎಲ್ಲಾರಿಗೂ ಹಂಗಾಗಂಗಿಲ್ಲ. ಸಣ್ಣ ನಳಗಿ ಹಾಕಿದ್ರ ಬಾವು ಬರೂದೇ ಇಲ್ಲ ಅಂತನೂ ನಾ ಹೇಳಂಗಿಲ್ಲ."

"ಕೇಳಿದೇನು?" ಎಂದರು ಬಾಬುಸಾಬರು ಹೆಂಡತಿಗೆ.

"ಕೇಳೇನಿ. ಎತ್ತಿನ ಗೊರಸಿಗೆ ಎರಡು ಹೋಳು. ಒಂದಕ್ಕ ನಾಲ ಬಡದು, ಇನ್ನೊಂದು ಸವೆಯಂಗಿಲ್ಲ ಅಂತ ಎಂದಾದ್ರೂ ಬಿಟ್ಟೀರೇನು?"

ಬಾಬುಸಾಬರು ಮೆಲ್ಲಗೆ ಕೇಳಿದರು: "ನನ್ನ ಕಟ್ಟಿ ಕೆಡವತೀರೇನ್ರಿ?"

ಅವರ ಅಂಜಿಕೆ ನಳಿಕೆಯದಲ್ಲ, ಎತ್ತಿನಂತೆ ಕಟ್ಟಿಸಿಕೊಳ್ಳುವುದರದೆಂದು ಚಾಚಿಗೆ ಆಗ ತಿಳಿಯಿತು.

"ಕಟ್ಟಂಗಿಲ್ರಿ. ನಿದ್ದಿ ಬರಸತೇವಿ. ಬಾಯಿಯಿಂದ ಕೊಳವಿ ಇಳಿಸಿ, ಒಂದ ಸಲಕ್ಕ ಎರಡೂ ಹಾಕಾಕ ನೋಡತೇವಿ."

"ಹಂಗಾರ ಹಾಕ್ರಿ."

ಬಾಗಿಲ ತನಕ ಹೋದ ಚಾಚಿ ತಿರುಗಿದರು. "ಆಮ್ಯಾಲೂ ಚೀಲ ಬಾತ್ರ ಹೆಂಗ ಗೊತ್ತಾಗಬೇಕ್ರಿ?"

"ಜ್ವರ ಬಂದ್ರ, ಇಲ್ಲಾ ಬಲಗಡೆ ಪಕ್ಕೆಲುಬಿನ ಕೆಳಗ ನೋವು ಬಂದ್ರ, ಅವತ್ತ ಬರ್ರಿ. ಕಣ್ಣು ಬೆಳ್ಳಗಾಗ್ಯಾವ ಅಂತ ಮನ್ಯಾಗ ಕೂಡಬ್ಯಾಡ್ರಿ."

ನಾಳೆ ನಳಿಕೆ ಹಾಕುತ್ತಾರೆ. ಚಾಚಿ, ಬಾಬುಸಾಬರು ಊರಿಗೆ ಬರುವವರೆಗೆ ಅವರ ಮನೆಯ ಆಡುಗಳಿಗೆ ನಾನು ಮೇವು, ನೀರು ಹಾಕುತ್ತೇನೆ.