ಚಲುವಯ್ಯ ಸ್ಟೀರಿಂಗ್ ಬಿಟ್ಟು ಹಿಂದಕ್ಕೆ ಹೋದದ್ದು

ಹೊಂಗನೂರಿನ ಚಲುವಯ್ಯ ಚನ್ನಪಟ್ಟಣದ ಒಂದು ಟ್ರಸ್ಟಿನ ಆಂಬುಲೆನ್ಸಿಗೆ ಡ್ರೈವರ್ ಆಗಿದ್ದ. ಗಾಡಿ ಓಡಿಸುವುದರಲ್ಲಿ ಎತ್ತಿದ ಕೈ. ಅಂಥವನಿಗೆ ನಲವತ್ತರ ಹತ್ತಿರ ಬಂದಮೇಲೆ, ಸ್ಟೀರಿಂಗ್ ಬಿಟ್ಟು ಹಿಂದೆ ರೋಗಿಯ ಪಕ್ಕ ಕೂರಬೇಕೆಂಬ ಹಠ ಹಿಡಿಯಿತು. ಕಾರಣವಿತ್ತು. ಹಿಂದೆ ಕೂರುವ ಪ್ಯಾರಾಮೆಡಿಕ್ ರಜೆ ಹಾಕಿದ್ದ ದಿನ, ಬೈರಾಪಟ್ಟಣದ ಒಬ್ಬ ಮುದುಕನನ್ನು ರಾಮನಗರಕ್ಕೆ ಕರೆದೊಯ್ಯಬೇಕಾಗಿ ಬಂತು. ದಾರಿಯಲ್ಲಿ ಅವನಿಗೆ ಉಸಿರು ಕಟ್ಟಿತು. ಏನಾದರೂ ಮಾಡಣ್ಣ ಎಂದು ಮಗಳು ಹಿಂದಿನಿಂದ ಅಂಗಲಾಚಿದಳು. ಚಲುವಯ್ಯನಿಗೆ ಗೊತ್ತಿದ್ದದ್ದು ಆಕ್ಸಿಲರೇಟರ್ ತುಳಿಯುವುದೊಂದೇ. ಕೆಂಗಲ್ ದಾಟುವಷ್ಟರಲ್ಲಿ ಮುದುಕ ಹೋಗಿಬಿಟ್ಟಿದ್ದ. ಅಲ್ಲಿಂದ ಮುಂದೆ ಎಷ್ಟೋ ದಿನ ಚಲುವಯ್ಯನಿಗೆ ಅನ್ನ ರುಚಿಸಲಿಲ್ಲ.

ಪ್ಯಾರಾಮೆಡಿಕ್ ಪರೀಕ್ಷೆ ಪಾಸು ಮಾಡಿದರೆ ಹಿಂದೆ ಕೂರಿಸುತ್ತೇವೆ ಎಂದರು ಟ್ರಸ್ಟಿನವರು. ಪುಸ್ತಕ ತಂದ. ಪಿಯುಸಿ ಓದಿ ಇಪ್ಪತ್ತು ವರ್ಷವಾಗಿದ್ದ ತಲೆಗೆ ಅದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಹೆಂಡತಿ ಯಲ್ಲಮ್ಮ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಲೇ ಪುಸ್ತಕ ಹಿಡಿದು ಪ್ರಶ್ನೆ ಕೇಳುವಳು. ಇವನು ಮೂತ್ರಪಿಂಡವನ್ನು ಎದೆಗೂಡಿಗೆ ಏರಿಸುವನು, ಶ್ವಾಸಕೋಶವನ್ನು ಹೊಟ್ಟೆಗೆ ಇಳಿಸುವನು. ನಿನ್ನ ಕೈಗೆ ಸಿಕ್ಕ ರೋಗಿ ಶಿವನ ಪಾದವೇ ಎಂದು ಅವಳು ನಗುವಳು.

ಅಷ್ಟರಲ್ಲಿ ಯುಗಾದಿ ಬಂತು, ಮಾರನೆಯ ದಿನ ಹೊಸತೊಡಕು. ಅವತ್ತು ಈ ಸೀಮೆಯಲ್ಲಿ ಬಾಡು ಬೇಯದ ಒಲೆ ಅಪರೂಪ. ಹತ್ತಾರು ಮನೆಯವರು ಸೇರಿ ಕುರಿ ತಂದು, ಕೊಯ್ದು, ಮನೆಗೊಂದು ಗುಡ್ಡೆಯಂತೆ ಹಂಚಿಕೊಳ್ಳುವುದು ವಾಡಿಕೆ. ಪ್ರತಿ ಗುಡ್ಡೆಗೂ ಲಿವರ್ರು, ಗುಂಡಿಗೆ, ಹೊಟ್ಟೆ-ಕರುಳಿನ ಬೋಟಿ ಎಲ್ಲವೂ ಚೂರುಚೂರು ಬೀಳಬೇಕು. ಒಬ್ಬರಿಗೆ ತಪ್ಪಿದರೂ ವರ್ಷವಿಡೀ ಮುನಿಸು. ಹೊಂಗನೂರಿನಲ್ಲಿ ಆ ಕೆಲಸ ಚಲುವಯ್ಯನದೇ. ಹೊಂಗೆ ಸೊಪ್ಪು ಹಾಸಿ ಕೂತವನಿಗೆ ಅವತ್ತು ಕಣ್ಣು ತೆರೆಯಿತು. ಪುಸ್ತಕದಲ್ಲಿದ್ದದ್ದೆಲ್ಲ ಮುಂದೆಯೇ ಬಿದ್ದಿದೆ! ಗುಂಡಿಗೆ ಸೀಳಿ ನಾಲ್ಕು ಕೋಣೆ ನೋಡಿದ. ಗಂಟಲಿನ ಕೊಳವೆಗೆ ಬಾಯಿಟ್ಟು ಊದಿದರೆ ಶ್ವಾಸಕೋಶ ಎರಡೂ ಉಬ್ಬಿದವು. ಕೊಳವೆಯನ್ನು ನಡುವೆ ಬೆರಳಲ್ಲಿ ಅದುಮಿ ಮುಚ್ಚಿ ಊದಿದರೆ ಒಂದಿಷ್ಟೂ ಅಲುಗಲಿಲ್ಲ. ಅದನ್ನೇ ಮತ್ತೆ ಮತ್ತೆ ಮಾಡುತ್ತ ಕೂತ. ಪಾತ್ರೆ ಹಿಡಿದು ನಿಂತವರಿಗೆ ಬಿಸಿಲೇರಿತು. ಹಿರಿಯ ಬೋರಲಿಂಗಯ್ಯನ ತಾಳ್ಮೆ ಕೆಟ್ಟಿತು.

"ಲೇ ಚಲುವ, ನೀನು ಆಮೇಕೆ ಓದ್ಕಳ್ಲಾ. ಮನೇಲಿ ಮಸಾಲೆ ಅರ್ದು ಕಾಯ್ತಾವ್ರೆ, ಒಸಿ ಬಿರ್‍ನೆ ಪಾಲಾಕು."

ಅವತ್ತು ತಲೆಗೆ ಹೋದದ್ದು ಮತ್ತೆ ಹೊರಗೆ ಬರಲಿಲ್ಲ. ಚಲುವಯ್ಯ ಧೈರ್ಯವಾಗಿ ಪರೀಕ್ಷೆಗೆ ಹೋದ. ಬರೆಯುವುದನ್ನು ಹೇಗೋ ದಾಟಿಸಿದ. ಬಾಯಿ ಪರೀಕ್ಷೆಗೆ ಕೂತಿದ್ದವರು ಕನ್ನಡಕದ ಒಬ್ಬ ಡಾಕ್ಟರಮ್ಮ. ಮನುಷ್ಯನ ಜಠರದ ಬಗ್ಗೆ ಹೇಳಿ ಎಂದರು. ಇವನು ಎದೆಯುಬ್ಬಿಸಿ, ಜಠರಕ್ಕೆ ನಾಲ್ಕು ಚೀಲ ಎಂದು ಶುರುಮಾಡಿದ. ಒಂದು ಟವೆಲ್ಲಿನಂತೆ ಒರಟು, ಇನ್ನೊಂದು ಜೇನುಹುಟ್ಟಿನಂತೆ, ಮತ್ತೊಂದರಲ್ಲಿ ಪದರ ಪದರ ಎಂದು ಕೈಯಲ್ಲಿ ಹಿಡಿದವನಂತೆ ಬಣ್ಣಿಸಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ನಿಮ್ಮ ರೋಗಿ ಮೆಲುಕು ಹಾಕುತ್ತಾನೇನ್ರೀ ಎಂದು ಕೇಳಿದರು. ಚಲುವಯ್ಯನಿಗೆ ಆಗ ಹೊಳೆಯಿತು, ತಾನು ಕುರಿಯನ್ನು ಓದಿ ಬಂದಿದ್ದೇನೆ ಎಂದು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಇನ್ನೇನು ಜೀವಮಾನವೆಲ್ಲ ಮುಂದಿನ ಸೀಟೇ ಗತಿ ಎಂದುಕೊಂಡು ಏಳಲು ಹೊರಟ.

ಡಾಕ್ಟರಮ್ಮ ಕೂರಿಸಿದರು. ಪ್ರಜ್ಞೆಯಿಲ್ಲದೆ ಅಂಗಾತ ಮಲಗಿದವರು ವಾಂತಿ ಮಾಡಿಕೊಂಡರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದರು. ಚಲುವಯ್ಯನಿಗೆ ಅಲುಗದೆ ಬಿದ್ದಿದ್ದ ಶ್ವಾಸಕೋಶ ಕಣ್ಣಿಗೆ ಕಟ್ಟಿತು.

"ಪಕ್ಕಕ್ಕೆ ಹೊರಳಿಸ್ತೀನಿ ಮೇಡಂ. ಬಾಯಿ ಕ್ಲೀನ್ ಮಾಡ್ತೀನಿ. ಕೊಳವೆ ಮುಚ್ಚೋದ್ರೆ ಆಕ್ಸಿಜನ್ ಕೊಟ್ರೂ ಒಳಕ್ಕೋಗಕಿಲ್ಲ."

ಜಠರಕ್ಕೆ ಸೊನ್ನೆ, ಇದಕ್ಕೆ ಪೂರ್ತಿ ಎಂದರು ಅವರು. ಅಂತೂ ಅಂಚಿನಲ್ಲಿ ಪಾಸಾದ. ಊರಿಗೆ ಬಂದು ಟೀ ಅಂಗಡಿಯಲ್ಲಿ ಕಥೆಯನ್ನೆಲ್ಲ ತಾನೇ ಹೇಳಿ ನಗಿಸಿದ. ಮುದ್ದೆಗೆ ಒಂದು ಚೀಲ, ಬಾಡೂಟಕ್ಕೆ ಒಂದು ಚೀಲವೇನೋ ಎಂದು ಜನ ರೇಗಿಸಿದ್ದೇ ರೇಗಿಸಿದ್ದು. ಅವನಿಗೇನೂ ಬೇಜಾರಾಗಲಿಲ್ಲ.

ಸ್ಟೀರಿಂಗಿಗೆ ಮೆಹಬೂಬ್ ಎಂಬ ಹೊಸ ಡ್ರೈವರ್ ಬಂದ. ಮೊದಲ ವಾರವೇ ಮುನಿಯಮ್ಮ ಎಂಬ ಮುದುಕಿ ಹಿಪ್ಪುನೇರಳೆ ತೋಟದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಳು. ಗಾಡಿ ಹೊರಟ ಸ್ವಲ್ಪ ಹೊತ್ತಿಗೆ ಅವಳ ಗಂಟಲು ಗೊರಗೊರ ಎಂದಿತು, ಬಾಯಿ ತುಂಬ ವಾಂತಿ. ಚಲುವಯ್ಯ ಸ್ಟ್ರೆಚರಿನತ್ತ ಬಾಗಿದ. ಮುದುಕಿಯನ್ನು ಎಡಕ್ಕೆ ಹೊರಳಿಸಿ, ಬಾಯಿ ಬಳಿದು, ಮೂಗಿಗೆ ಆಕ್ಸಿಜನ್ ಇಟ್ಟು ಕಾದ. ಒಮ್ಮೆ ಕೆಮ್ಮಿ, ಅವಳು ಉಸಿರೆಳೆದುಕೊಂಡಳು.

ರಾಮನಗರದ ಆಸ್ಪತ್ರೆಯ ಬಾಗಿಲಲ್ಲಿ, ಬೈಕಿನಲ್ಲಿ ಹಿಂದೆಯೇ ಬಂದಿದ್ದ ಮಗ ನೇರ ಮುಂದಕ್ಕೆ ಓಡಿ ಮೆಹಬೂಬನ ಎರಡೂ ಕೈ ಹಿಡಿದುಕೊಂಡ. ನೀನು ಇಷ್ಟು ಬೇಗ ತರದಿದ್ದರೆ ನಮ್ಮವ್ವ ಉಳಿಯುತ್ತಿರಲಿಲ್ಲ ಎಂದು ಕಣ್ಣೀರು ಹಾಕಿದ. ಮೆಹಬೂಬ್ ಗಾಬರಿಯಾಗಿ, ನಾನಲ್ಲ, ಹಿಂದೆ ಇರುವವರು ಎಂದು ತೋರಿಸಿದ. ಸ್ಟ್ರೆಚರಿನ ಜೊತೆ ಒಳಗೆ ಹೋಗುತ್ತಿದ್ದ ಚಲುವಯ್ಯ ಇತ್ತ ತಿರುಗಿಯೂ ನೋಡಲಿಲ್ಲ. ಅವನ ಕಣ್ಣೆಲ್ಲ ಮುದುಕಿಯ ಎದೆಯ ಮೇಲಿತ್ತು. ಅದು ಏರುತ್ತಿತ್ತು, ಇಳಿಯುತ್ತಿತ್ತು.