ಅರ್ಜಿ ಅಜ್ಜ ಹೊಡೆದು ಹಾಕಿದ ಸಾಲುಗಳು

ಸಂಜೆ ನಾಲ್ಕು ಇಪ್ಪತ್ತಕ್ಕೆ ಎಲ್ಲ ಕೆಡತೊಡಗಿತು. ಜೀಪಿನೊಳಗೆ ಹೊಗೆ ಮೂಗಿಗೆ ಬಡಿದಾಗ ನಾನು ಫೋನಿನಲ್ಲಿ ಗಂಟೆ ನೋಡುತ್ತಿದ್ದೆ, ಅದಕ್ಕೇ ಇಷ್ಟು ನಿಖರವಾಗಿ ನೆನಪಿದೆ. ಮೊನ್ನೆ ಒಲೆಯ ಮೇಲೆ ಹುರುಳಿ ಸೀದಾಗ ಅದೇ ವಾಸನೆ... ಅದರ ಹಿಂದೆಯೇ ನೆನಪಾದವರು ಕೂಡ್ಲಿಗಿಯ ತಾಲ್ಲೂಕು ಕಚೇರಿ ಮುಂದೆ ಕೂತು ಅರ್ಜಿ ಬರೆದುಕೊಡುತ್ತಿದ್ದ ಅಜ್ಜ.

ಆ ದಿನ ಕೊಟ್ಟೂರಿನಿಂದ ಬಾಡಿಗೆ ಜೀಪಿನಲ್ಲಿ ಬರುತ್ತಿದ್ದೆವು. ಗಾಡಿಗಳ ಗಾಲಿಗೆ ಸಿಕ್ಕು ಕಾಳು ಬಿಡಲೆಂದು ರಸ್ತೆಯುದ್ದಕ್ಕೂ ಹುರುಳಿ ಹರವಿದ್ದರು. ಅದರ ಬಳ್ಳಿ ಜೀಪಿನ ಅಡಿಗೆ ಸುತ್ತಿಕೊಂಡು, ಕಾದು, ಹೊತ್ತಿಕೊಂಡಿತು. ಎಲ್ಲರೂ ಬದುಕಿಕೊಂಡೆವು. ಆದರೆ ಡ್ರೈವರ್ ಜಿಗಿದು ಓಡಿದ್ದನ್ನು ಹೊಲದಿಂದ ಕಂಡವರು, ಮಂದಿಯನ್ನು ಬಿಟ್ಟು ಓಡಿದ ಎಂದರು. ಮಾಲೀಕ ಅವನನ್ನು ಕೆಲಸದಿಂದ ತೆಗೆದ. ಠಾಣೆಗೂ ದೂರು ಹೋಯಿತು. ಜೀಪಿನಲ್ಲಿದ್ದ ಉಳಿದವರು ಕೇಸಿನ ಉಸಾಬರಿ ಬೇಡವೆಂದು ಬಾಯಿ ಬಿಡಲಿಲ್ಲ. ನಾಲ್ಕನೇ ದಿನ ಅವನು ನಮ್ಮ ಮನೆಗೆ ಬಂದ.

"ಅಕ್ಕಾರ, ನೀವು ಕತಿ ಬರಿಯೋರಂತ. ಕಂಡಿದ್ದು ಒಂದು ಹಾಳಿ ಬರದು ಕೊಡ್ರಿ."

ಕಥೆ ಬರೆಯುತ್ತಿದ್ದುದೇನೋ ನಿಜ. ಡಿಗ್ರಿ ಮುಗಿಸಿ ಎರಡು ವರ್ಷ ಪತ್ರಿಕೆಗಳಿಗೆ ಕಳಿಸುತ್ತಲೇ ಇದ್ದೆ. ಒಂದೂ ಅಚ್ಚಾಗಿರಲಿಲ್ಲ. ನನಗೆ ಬರೆಯಲು ಬರುವುದಿಲ್ಲ ಎಂದು ಹೆಚ್ಚುಕಡಿಮೆ ಒಪ್ಪಿಕೊಂಡಿದ್ದೆ. ಬೆಂಕಿಯಾದ ಮೇಲೆ ನಿದ್ದೆಯೂ ಇರಲಿಲ್ಲ. ಕಣ್ಣು ಮುಚ್ಚಿದರೆ ಹೊಗೆ... ಆದರೂ ಮೂರು ಹಾಳೆ ತುಂಬಿಸಿ, ಅರ್ಜಿಯ ರೂಪಕ್ಕೆ ತರಿಸಲು ಶುಕ್ರವಾರ ಡ್ರೈವರನನ್ನು ಕರೆದುಕೊಂಡು ಅಜ್ಜನ ಹತ್ತಿರ ಹೋದೆ.

ಅಜ್ಜ ಕನ್ನಡಕ ಏರಿಸಿ ಓದಿದರು. ಬೆಂಕಿಯ ಕೆನ್ನಾಲಿಗೆ, ಸಾವಿನ ಕರಿ ಸೆರಗು... ನನಗೆ ಹೆಮ್ಮೆಯಿದ್ದ ಸಾಲುಗಳನ್ನೇ ಒಂದೊಂದಾಗಿ ಹೊಡೆದು ಹಾಕಿದರು.

"ಸೆರಗು ಗಿರಗು ಠಾಣಿ ಸಾಹೇಬ್ರಿಗೆ ಯಾಕಬೇಕವ್ವಾ? ಸೀರಿ ಅಂಗಡಿ ಕೇಸೇನು ಇದು?"

ಕಾಯುತ್ತ ಕೂತಿದ್ದವರು ನಕ್ಕರು. ಎದ್ದು ಬಂದುಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಅಜ್ಜ ಕೊನೆಯ ಹಾಳೆಯ ಮೇಲೆ ಬೆರಳಿಟ್ಟರು.

"ಬಾಗಿಲು ತೆರೆಯಿತು ಅಂತ ಬರದೀಯಲ್ಲ, ತಾನ ತಕ್ಕೊಂತೇನು?"

"ಒಳಗಿಂದ ತಗಿಯಾಕ ಬರ್ತಿರಲಿಲ್ರಿ. ಇವ್ರು ಜೀಪಿನ ಹಿಂದಕ್ಕ ಓಡಿಬಂದು ಹೊರಗಿಂದ ತಗದ್ರು," ಎಂದು ಡ್ರೈವರನನ್ನು ತೋರಿಸಿದೆ.

"ಹಂಗಾರ ಓಡಿದ್ದು ಅದಕ್ಕ. ಮದ್ಲ ಇಳದೋರು ಯಾರು?"

ಅಜ್ಜ ಮೂರೂ ಹಾಳೆಗಳನ್ನು ಮತ್ತೆ ತಿರುವಿದರು.

"ಎಲ್ಲಾರೂ ಅದಾರ ಇದರಾಗ. ನೀ ಎಲ್ಲಿ ಅದೀಯವ್ವಾ?"

ಬಾಗಿಲ ಪಕ್ಕ ಒಬ್ಬ ಮುದುಕಿ ಕೂತಿದ್ದಳು. ಅವಳನ್ನು ತಳ್ಳಿ ನಾನು ಮೊದಲು ಹಾರಿದ್ದೆ. ಸೀಟಿನ ಸಂದಿಯಲ್ಲಿ ಎಚ್ಚರ ತಪ್ಪಿ ಬಿದ್ದ ಅವಳನ್ನು ಹೊಗೆಯೊಳಗೆ ನುಗ್ಗಿ ಎತ್ತಿ ತಂದವನು ಡ್ರೈವರ್. ಇದನ್ನು ಬರೆಯದೆ ಅವನ ಮೇಲಿನ ಆರೋಪ ಹೋಗುವಂತಿರಲಿಲ್ಲ. ಬರೆದರೆ ನಾನು ಮಾಡಿದ್ದು ಊರಿಗೆಲ್ಲ ತಿಳಿಯುತ್ತಿತ್ತು.

ಅಜ್ಜ ಪೆನ್ನನ್ನು ನನ್ನ ಕಡೆ ಚಾಚಿದರು. "ಇಷ್ಟು ಮಾತ್ರ ನಾ ಬರಿಯಾಕ ಬರಂಗಿಲ್ಲ. ನೀನ ಬರಿ."

ಅಲ್ಲೇ ಕಟ್ಟೆಯ ಮೇಲೆ ಕೂತು ಬರೆದೆ. ಒಂದೇ ಹಾಳೆ. ಅಜ್ಜ ಅದನ್ನು ಗಟ್ಟಿಯಾಗಿ ಓದಿದರು. ಡ್ರೈವರ್ ನೆಲ ನೋಡುತ್ತ ಕೇಳಿಸಿಕೊಂಡು, "ಹೌದ್ರಿ, ಹಿಂಗ ಆಗಿತ್ತು" ಎಂದ. ನಾನು ಬರೆದದ್ದಕ್ಕೆ ಯಾರಾದರೂ ಆಡಿದ ಮೊದಲ ಒಳ್ಳೆಯ ಮಾತು ಅದು. ಕೆಲವೇ ದಿನಗಳಲ್ಲಿ ಅವನು ಮತ್ತೆ ಗಾಡಿ ಓಡಿಸತೊಡಗಿದ.

ಅಜ್ಜ ತೀರಿಕೊಂಡು ಎರಡು ವರ್ಷವಾಯಿತು. ನನ್ನ ನಾಲ್ಕು ಕಥೆಗಳು ಅಚ್ಚಾಗಿವೆ, ಓದಿ ಹೊಡೆದು ಹಾಕಲು ಅವರಿಲ್ಲ... ಈಗಲೂ ಗಾಡಿ ಹತ್ತಿದರೆ ಮೊದಲು ಬಾಗಿಲ ಹಿಡಿ ನೋಡುತ್ತೇನೆ. ಈಗಲೂ ವಾಪಸು ಬರುವ ಕಥೆಗಳೇ ಹೆಚ್ಚು, ಬಂದಾಗಲೆಲ್ಲ ನನ್ನ ಮೇಲೆ ನನಗೇ ಅನುಮಾನ. ಆಗ ಆ ಶುಕ್ರವಾರವನ್ನು ನೆನೆಯುತ್ತೇನೆ. ಆ ಹಾಳೆಯನ್ನು ಠಾಣೆಗೆ ಕೊಟ್ಟು ಬಂದು ಮಲಗಿದವಳಿಗೆ ಬೆಳಗಾಗುವವರೆಗೂ ಎಚ್ಚರವಾಗಲಿಲ್ಲ. ಅವ್ವ ಎರಡು ಸಲ ಬಂದು ಉಸಿರು ನೋಡಿ ಹೋದಳಂತೆ.