ಸಿಂಹದ ಪಾಪೆ

ಪ್ರಾಣಿ ಸಂಗ್ರಹಾಲಯದ ಬಾಗಿಲಲ್ಲಿ ಮೂವತ್ತೆಂಟು ವರ್ಷ ಟಿಕೆಟ್ ಹರಿದವನು ನಾನು. ಹರಿದ ಚೂರುಗಳನ್ನೆಲ್ಲ ಜೋಡಿಸಿದ್ದರೆ ಚಂದ್ರನಿಗೊಂದು ಕಂಬಳಿಯಾಗುತ್ತಿತ್ತು. ಮಿಕ್ಕಿದ್ದರಲ್ಲಿ ಅವನ ಇಪ್ಪತ್ತೇಳು ಹೆಂಡಿರಿಗೂ ರವಿಕೆ ಹೊಲಿಸಬಹುದಿತ್ತು. ಇರಲಿ, ಹೇಳಬೇಕಾದ್ದು ನನ್ನ ಕಥೆಯಲ್ಲ, ಗೋಲಿಯವರದು.

ಒಳಗೆ ಚರ್ಮಕ್ಕೆ ಹುಲ್ಲು ತುಂಬಿ ನಿಲ್ಲಿಸಿರುವ ಸತ್ತ ಪ್ರಾಣಿಗಳಿಗೆಲ್ಲ ಗಾಜಿನ ಕಣ್ಣು ಮಾಡಿದವರು ಅವರು. ಅಂಗಿಯ ಜೇಬಿನಲ್ಲಿ ಸದಾ ನಾಲ್ಕಾರು ಕಣ್ಣು ಇರುತ್ತಿದ್ದವು. ನಡೆದರೆ ಗೋಲಿಯ ಹಾಗೆ ಕಟಕಟ ಸದ್ದು, ಅದರಿಂದ ಆ ಹೆಸರು. ಹಿತ್ತಲ ಕಡೆಯ ಕೋಣೆ ಅವರ ಕಾರ್ಯಾಗಾರ: ಉತ್ತರಕ್ಕೆ ಒಂದು ಕಿಟಕಿ, ಅದರಡಿ ಮೇಜು, ಮೇಜಿನ ಮೇಲೆ ನಾಲ್ಕು ಕೂದಲಿನ ಕುಂಚ. ಐದನೆಯ ಕೂದಲು ದುಂದುವೆಚ್ಚ ಎನ್ನುತ್ತಿದ್ದರು.

ಗಾಜಿನ ಕಣ್ಣನ್ನು ಹಿಂದಿನಿಂದ ಬರೆಯಬೇಕು. ಮೊದಲು ನಡುವಿನ ಕಪ್ಪು ಪಾಪೆ, ಅದರ ಮೇಲೆ ಗೆರೆಗಳು, ಆಮೇಲೆ ಬಣ್ಣ. ಮೊದಲು ಬರೆದದ್ದೇ ನೋಡುವವರಿಗೆ ಮುಂದೆ ಕಾಣುತ್ತದೆ. ಹಾಗಾಗಿ ಪಾಪೆ ತಪ್ಪಿದರೆ ತಿದ್ದುವ ಮಾತಿಲ್ಲ, ಹೊಸ ಕಣ್ಣೇ ಆಗಬೇಕು.

ಅವರು ಮಾಡಿದ ಮೊದಲ ದೊಡ್ಡ ಕೆಲಸ ಸಿಂಹ. ಆಗ ಅವರಿಗೆ ಇಪ್ಪತ್ತೆರಡು. ಕಸುಬು ಕಲಿಸುತ್ತಿದ್ದ ಮೇಷ್ಟ್ರು "ಸಿಂಹ ಅಂದ್ರೆ ದೊಡ್ಡ ಬೆಕ್ಕು ಕಣಯ್ಯಾ" ಎಂದು ಹೇಳಿ ಊಟಕ್ಕೆ ಹೋದರಂತೆ. ಇವರು ಕಾರ್ಯಾಗಾರದ ಬೆಕ್ಕನ್ನು ಹಿತ್ತಲ ಬಿಸಿಲಿಗೆ ಕೂರಿಸಿ, ಅದರ ಪಾಪೆ ನೋಡಿಕೊಂಡು ಬರೆದರು: ನೆಟ್ಟಗೆ ನಿಲ್ಲಿಸಿದ ಭತ್ತದ ಕಾಳಿನಂತೆ. ನಲವತ್ತು ವರ್ಷ ಆ ಸಿಂಹವನ್ನು ಜನ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಸಿಂಹದ ಮುಂದೆ ನಿಂತವರ ಕಣ್ಣು ಹಲ್ಲಿನ ಮೇಲೆಯೇ ಇರುತ್ತದೆ.

ಅನುಮಾನ ಇದ್ದದ್ದು ಅವರಿಗೊಬ್ಬರಿಗೇ. ಚಿತ್ರಗಳಲ್ಲಿ ಪಾಪೆ ಗುಂಡಗೆ ಕಾಣುತ್ತಿತ್ತು. "ಬೆಕ್ಕಿಂದೂ ಮಬ್ಬಿನಲ್ಲಿ ಗುಂಡಗಾಗುತ್ತೆ. ಫೋಟೋದವನು ಸಂಜೆ ತೆಗೆದಿರ್ತಾನೆ. ಮೃಗಾಲಯದ ಸಿಂಹ ಮಧ್ಯಾಹ್ನ ನೆರಳಲ್ಲಿ ಕಣ್ಣು ಮುಚ್ಚಿರುತ್ತೆ. ಕಾಡಿನ ಸುಡೋ ಮಧ್ಯಾಹ್ನದಲ್ಲಿ ನೋಡ್ಬೇಕು, ಆಗ ಗೊತ್ತಾಗುತ್ತೆ" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಕಸುಬು ತಿಳಿದವನು ಮಾತ್ರ ತನಗೆ ಇಷ್ಟು ಅಚ್ಚುಕಟ್ಟಾಗಿ ಮೋಸ ಮಾಡಿಕೊಳ್ಳಬಲ್ಲ.

ಕಳೆದ ವರ್ಷ ಕಣ್ಣಿನ ಡಾಕ್ಟರು ಅವರ ಕಣ್ಣನ್ನೇ ನೋಡಿದರು. ನೇರ ನೋಟ ಸವೆಯುತ್ತಿದೆ, ಅಂಚಿನ ನೋಟ ಉಳಿಯುತ್ತದೆ, ಸಣ್ಣ ಕೆಲಸಕ್ಕೆ ಇನ್ನು ಮೂರು ನಾಲ್ಕು ತಿಂಗಳು ಎಂದರು. ಗೋಲಿಯವರು ಮನೆಗೆ ಬಂದು ತಂಗಿಗೆ ಕಾಯಿಲೆಯ ವಿಷಯ ಹೇಳಲೇ ಇಲ್ಲ. "ಆಫ್ರಿಕಾಕ್ಕೆ ಹೋಗೋಣ" ಎಂದರು.

ತಂಗಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದವಳು. ಚೀಟಿಯಲ್ಲಿ ಬರೆಯದ ರೋಗವನ್ನೂ ಓದುವವಳು. ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಬಾಯಿ ಬಿಡಿಸಿದಳು. ಆಮೇಲೆ ಮೂಗು ಒರೆಸಿಕೊಂಡು ಮಲೇರಿಯಾ ಮಾತ್ರೆಯ ಪಟ್ಟಿ ಬರೆಯಲು ಕೂತಳು.

ಭಾನುವಾರಗಳಲ್ಲಿ ಅವರ ಊಟದ ಮೇಜಿನ ಮೇಲೆ ಭೂಪಟ ಹರಡುತ್ತಿತ್ತು, ನಾನೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಗೋಲಿಯವರು ಆರಿಸಿದ್ದು ಎಲ್ಲರೂ ಹೋಗುವ ಕಾಡಲ್ಲ. ಅಲ್ಲಿ ಸಿಂಹಕ್ಕಿಂತ ಜೀಪು ಜಾಸ್ತಿ, ಇವರು ಕಣ್ಣು ನೋಡುವಷ್ಟು ಹೊತ್ತು ಯಾರೂ ಗಾಡಿ ನಿಲ್ಲಿಸುವುದಿಲ್ಲ. ಆರಿಸಿದ್ದು ಮೂಲೆಯ ಒಂದು ರಾಷ್ಟ್ರೀಯ ಉದ್ಯಾನ: ಎರಡು ದೊಡ್ಡ ವಿಮಾನ, ಒಂದು ಸಣ್ಣದು, ಆಮೇಲೆ ಇಡೀ ದಿನ ಜೀಪು. ಸಣ್ಣ ವಿಮಾನ ಎಷ್ಟು ಸಣ್ಣದೆಂದರೆ, ಹತ್ತುವ ಮೊದಲು ಸೀನಿ ಮುಗಿಸಬೇಕು, ಒಳಗೆ ಸೀನಿದರೆ ದಿಕ್ಕು ಬದಲಾಗುತ್ತದೆ. ಮೆತ್ತನೆಯ ಚೀಲವೇ ಬೇಕು, ಹದಿನೈದು ಕಿಲೋ ಮೀರಬಾರದು. ತಂಗಿ ಅಡುಗೆಮನೆಯ ತಕ್ಕಡಿಯಲ್ಲಿ ಅಣ್ಣನ ಬನಿಯನ್‌ಗಳನ್ನೂ ತೂಗಿದಳು.

ಅಡ್ಡಿ ಬಂದದ್ದು ಮಳೆ. ಅಲ್ಲಿ ಮಳೆಗಾಲ ಶುರುವಾಗಿತ್ತು. ದಾರಿ ಕೆಸರು, ಹುಲ್ಲು ಆಳೆತ್ತರ, ಪ್ರವಾಸಿಗಳು ಇಳಿದುಕೊಳ್ಳುವ ಬಿಡಾರಕ್ಕೆ ಬೀಗ. ತೆರೆಯುವುದು ಏಳು ತಿಂಗಳ ನಂತರ.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ," ಎಂದೆ ನಾನು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಗೋಲಿಯವರು ನಗಲಿಲ್ಲ. "ಏಳು ತಿಂಗಳಾದ್ಮೇಲೆ ನಾನು ಹೋಗಿ ನೋಡೋದೇನು? ತಪ್ಪು ಅಂತ ಗೊತ್ತಾದ್ರೂ ಬರೆಯೋ ಕೈಗೆ ಕಣ್ಣಿರಲ್ಲ."

"ಈಗ್ಲೇ ಬರೆದ್ಬಿಡಣ್ಣ. ಆ ಬಿಡಾರದಲ್ಲಿ ಸಿಂಹ ತೋರಿಸೋ ಗೈಡು ಒಬ್ಬ ಇರ್ತಾನಲ್ಲ, ಅವನನ್ನ ಕೇಳೋಣ."

"ಒಂದ್ಸಲ ಬೆಕ್ಕನ್ನ ನಂಬಿ ಬರೆದೆ. ಈಗ ಮುಖ ನೋಡದವನನ್ನ ನಂಬಿ ಬರೀಲಾ?"

"ಬೆಕ್ಕಿಗಿಂತ ವಾಸಿ. ಅವನು ಬಾಯಿಬಿಟ್ಟು ಹೇಳ್ತಾನೆ," ಎಂದು ತಂಗಿ ಫೋನು ತೆಗೆದುಕೊಂಡು ಬಿಡಾರಕ್ಕೆ ಮೇಲ್ ಬರೆದಳು. ಪ್ರವಾಸಿಗಳು ಕೇಳುವ ಹಾಗೆ ಸಿಂಹ ಸಿಗುತ್ತದೆಯೇ ಎಂದು ಕೇಳಲಿಲ್ಲ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಅದರ ಪಾಪೆ ಹೇಗಿರುತ್ತದೆ ಎಂದು ಕೇಳಿದಳು.

ಹನ್ನೊಂದು ದಿನ ಉತ್ತರವಿಲ್ಲ. ಆ ಹನ್ನೊಂದು ದಿನದಲ್ಲಿ ಗೋಲಿಯವರಿಗೆ ಎರಡು ಯುಗದಷ್ಟು ವಯಸ್ಸಾಯಿತು. ಕೊನೆಗೆ ಬಂತು. ಗೈಡು ಮಳೆಗಾಲದಲ್ಲೂ ಅಲ್ಲೇ ಇದ್ದು ದಾರಿ ರಿಪೇರಿ ನೋಡಿಕೊಳ್ಳುವವನಂತೆ. ಮೋಡ ಸರಿಯಲೆಂದು ಕಾದಿದ್ದನಂತೆ. ತಂಗಿ ಓದಿದಳು:

"ಇಪ್ಪತ್ತು ವರ್ಷದಿಂದ ಸಿಂಹ ತೋರಿಸುತ್ತಿದ್ದೇನೆ. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ, ಗೊತ್ತಿದೆ ಅಂದುಕೊಂಡಿದ್ದನ್ನೂ ಮತ್ತೊಮ್ಮೆ ನೋಡಿ ಬರೆಯೋಣ ಅನಿಸಿತು. ನಿನ್ನೆ ಹನ್ನೆರಡೂವರೆಗೆ ಬಿಸಿಲು ಬಂತು. ಗಾಡಿಯಲ್ಲೇ ಕೂತು ದುರ್ಬೀನಿನಲ್ಲಿ ನೋಡಿದೆ. ಗುಂಡಗಿದೆ. ಮೆಣಸಿನ ಕಾಳಿನಷ್ಟು ಚಿಕ್ಕದು, ಆದರೆ ಪೂರ್ತಿ ಗುಂಡಗೆ."

ಗೋಲಿಯವರು ಜೇಬಿಗೆ ಕೈ ಹಾಕಿದರು. ಜೇಬಿನೊಳಗೆ ಗಾಜುಗಳು ಒಂದಕ್ಕೊಂದು ತಾಗುವುದು ಕೇಳುತ್ತಿತ್ತು.

"ನಲವತ್ತು ವರ್ಷ ಅದಕ್ಕೆ ಬೆಕ್ಕಿನ ಕಣ್ಣು ಹಾಕಿ ನಿಲ್ಲಿಸಿದ್ದೆ," ಎಂದರು ಆಮೇಲೆ. "ಬರೀತೀನಿ. ನೀನು ಎದುರಿಗೆ ಕೂತು ಅದನ್ನ ಓದ್ತಾ ಇರು."

ಮೂರು ವಾರ ಹಿಡಿಯಿತು. ಮೊದಲೆಲ್ಲ ಅವರಿಗೆ ಅದು ಎರಡು ದಿನದ ಕೆಲಸ. ಒಂಬತ್ತು ಗಾಜು ಕೆಟ್ಟವು. ತಂಗಿ ಕಿಟಕಿಯ ಪಕ್ಕ ಕೂತು ಅದೇ ನಾಲ್ಕು ಸಾಲನ್ನು ಮಂತ್ರದಂತೆ ಓದುತ್ತಿದ್ದಳು. ನಡುವೆ "ಎಡಕ್ಕೆ ಚೂರು ಜಾಸ್ತಿ ಆಯ್ತಣ್ಣ" ಎನ್ನುತ್ತಿದ್ದಳು. ಇವರು ಬೈಯುತ್ತಿದ್ದರು, ಆಮೇಲೆ ಆ ಗಾಜನ್ನು ಬದಿಗಿಟ್ಟು ಹೊಸದನ್ನು ತೆಗೆದುಕೊಳ್ಳುತ್ತಿದ್ದರು. ಹತ್ತನೆಯದೂ ಹನ್ನೊಂದನೆಯದೂ ಜೋಡಿಯಾದವು. ಸಿಂಹದ ರೆಪ್ಪೆಯ ಚರ್ಮಕ್ಕೆ ಒದ್ದೆ ಹತ್ತಿ ಇಟ್ಟು ಮೂರು ದಿನ ಮೆತ್ತಗಾಗಿಸಿ ಹಳೆಯದನ್ನು ತೆಗೆದರು, ಹೊಸದನ್ನು ಕೂರಿಸಿದರು. ಕುಂಚ ತೊಳೆದು ಒಣಗಿಸಿ ತಂಗಿಯ ಕೈಗೆ ಕೊಟ್ಟರು. ಅವಳು ಅದನ್ನು ಎಲ್ಲಿಟ್ಟಳೋ ಇವರು ಕೇಳಲಿಲ್ಲ.

ಬದಲಾವಣೆಯನ್ನು ಯಾರೂ ಗಮನಿಸಲಿಲ್ಲ. ಜನರ ಕಣ್ಣು ಈಗಲೂ ಹಲ್ಲಿನ ಮೇಲೆಯೇ. ನಾನು ಮಾತ್ರ ಒಂದು ವಾರ ಸಿಂಹದ ಕೋಣೆಯನ್ನು ಹಾದು ಹೋಗುವಾಗ ಕಾಲು ಬೇಗ ಹಾಕುತ್ತಿದ್ದೆ.

ಪ್ರಯಾಣ ರದ್ದಾಗುತ್ತದೆ ಎಂದುಕೊಂಡಿದ್ದೆ. ಬಿಡಾರ ತೆರೆಯುವ ಕಾಲ ಹತ್ತಿರವಾಗಿ ಹೋದ ಭಾನುವಾರ ನೋಡಿದರೆ ಚೀಲಗಳು ಸಿದ್ಧ. ಗೋಲಿಯವರು ತಮ್ಮ ಚೀಲದಿಂದ ದುರ್ಬೀನು ತೆಗೆದು ತಂಗಿಯ ಚೀಲಕ್ಕೆ ಹಾಕಿದರು.

"ಇನ್ನು ನನಗ್ಯಾಕೆ? ನೇರಕ್ಕೆ ಹಿಡಿದ್ರೆ ನಡುವೆ ಬರೀ ಹೊಗೆ, ಅಂಚಲ್ಲಷ್ಟೇ ಕಾಣೋದು."

"ಮತ್ತೆ ಅಷ್ಟು ದೂರ ಹೋಗಿ ಏನು ಮಾಡ್ತೀರಿ?" ಎಂದೆ.

"ಬರೆದಾಯ್ತಲ್ಲ. ಸರಿಯಾಗಿ ಬರೆದ್ನೋ ಇಲ್ವೋ, ಅಲ್ಲಿನ ಸಿಂಹಕ್ಕೆ ಮುಖ ತೋರಿಸಿ ಬರ್ತೀನಿ. ನೀನೂ ಬಾ."

"ನಾನು ಬಂದ್ರೆ ಹದಿನೈದು ಕಿಲೋದಲ್ಲಿ ನನ್ನ ಬಾಯಿಗೇ ಹದಿನಾಲ್ಕು ಹೋಗುತ್ತೆ," ಎಂದೆ. ಈ ಸಲ ನಕ್ಕರು.

ಹೊರಡುವುದು ಮುಂದಿನ ತಿಂಗಳು. ಅಲ್ಲಿಯವರೆಗೆ ದಿನವೂ ಹತ್ತು ಗಂಟೆಗೆ ಬಂದು ಸಿಂಹದ ಮುಂದೆ ನಿಲ್ಲುತ್ತಾರೆ. ಮುಖ ಮಾತ್ರ ಪಕ್ಕದ ಗೋಡೆಯ ಕಡೆಗೆ, ಕೋಳಿ ಕಾಳು ನೋಡುವ ಹಾಗೆ ಕತ್ತು ಓರೆ. ಹೊಸದಾಗಿ ಸೇರಿದ ಕಾವಲುಗಾರ ನಿನ್ನೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಆ ಯಜಮಾನ್ರು ಸಿಂಹದ ಮೇಲೆ ಮುನಿಸ್ಕೊಂಡಿದಾರಾ ಸಾರ್? ದಿನಾ ಬರ್ತಾರೆ, ಆ ಕಡೆ ತಿರುಗಿ ನಿಲ್ತಾರೆ."

"ಮುನಿಸಲ್ಲಪ್ಪ," ಎಂದೆ. "ನೋಡೋದು ಕಲೀತಾ ಇದಾರೆ."